ಪೆಟ್ರೋಲ್ ಬಂಕ್: ಮುಚ್ಚುವುದೋ, ಮಾರ್ಪಡುವುದೋ?

ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಇಂದು ಬೆಂಗಳೂರಿನ ಯಾವ ಸಿಗ್ನಲ್‌ನಲ್ಲಿ ನಿಂತರೂ ಹಸಿರು ನಂಬರ್ ಪ್ಲೇಟಿನ ಸ್ಕೂಟರ್‌ಗಳು ಕಾಣುತ್ತವೆ. ಹಾಗಾದರೆ ಪೆಟ್ರೋಲ್ ಬಂಕ್‌ಗಳ ಗತಿಯೇನು?

ಬಂಕ್‌ಗಳಿಗೆ ಉಳಿಗಾಲವಿಲ್ಲ ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. ರಾತ್ರಿ ಮನೆಯಲ್ಲೇ ಚಾರ್ಜ್ ಆಗುವ ಸ್ಕೂಟರ್ ಬಂಕ್‌ನತ್ತ ಬರುವುದು ಗಾಳಿ ತುಂಬಿಸಲಿಕ್ಕಷ್ಟೇ. ಡೀಲರ್‌ಗಳ ಮುಖ್ಯ ಆದಾಯ ಲೀಟರ್ ಲೆಕ್ಕದ ಕಮಿಷನ್. ಮಾರಾಟ ಇಳಿದರೆ ಅದೂ ಇಳಿಯುತ್ತದೆ. ಸಂಬಳ, ಕರೆಂಟ್ ಬಿಲ್ ಇಳಿಯುವುದಿಲ್ಲ. ಚಾರ್ಜರ್ ಹಾಕೋಣವೆಂದರೆ ಜಾಗದ್ದೇ ತೊಡಕು. ಪೆಟ್ರೋಲ್ ಹಾಕಿಸಿಕೊಂಡ ಕಾರು ಐದು ನಿಮಿಷದಲ್ಲಿ ಹೊರಡುತ್ತದೆ, ಚಾರ್ಜಿಂಗ್‌ಗೆ ನಿಂತ ಕಾರು ಅರ್ಧ ಗಂಟೆಯಾದರೂ ಕದಲುವುದಿಲ್ಲ. ಮೇಲಾಗಿ, 60 ಕಿಲೋವ್ಯಾಟ್‌ನ ಒಂದು ಫಾಸ್ಟ್ ಚಾರ್ಜರ್‌ಗೆ 3 ಕಿಲೋವ್ಯಾಟ್ ಲೋಡ್‌ನ 20 ಮನೆಗಳಿಗೆ ಬೇಕಾಗುವಷ್ಟು ವಿದ್ಯುತ್ ಬೇಕು.

ಎದುರು ವಾದವೂ ಹಗುರವಾದದ್ದಲ್ಲ. ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿದ್ದು ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುವವರು ಚಾರ್ಜ್ ಮಾಡುವುದೆಲ್ಲಿ? ದೂರದೂರಿಗೆ ಹೊರಟವರಿಗಂತೂ ದಾರಿಯಲ್ಲಿ ಚಾರ್ಜಿಂಗ್ ಬೇಕೇ ಬೇಕು. ಹೆದ್ದಾರಿಯ ಬಂಕ್‌ಗೆ ರಸ್ತೆ ಬದಿಯ ಜಾಗವಿದೆ, ದೀಪವಿದೆ, ಶೌಚಾಲಯವಿದೆ, ಹೊತ್ತುಗೊತ್ತಿಲ್ಲದೆ ದುಡಿಯುವ ಜನರಿದ್ದಾರೆ. ಅಲ್ಲಿ ಅರ್ಧ ಗಂಟೆಯ ಕಾಯುವಿಕೆ ತಿಂಡಿ, ಕಾಫಿಗೆ ಒದಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ 7,432 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗೆಂದು 800 ಕೋಟಿ ರೂಪಾಯಿ ಮಂಜೂರು ಮಾಡಿದ್ದೂ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಕಂಪನಿಗಳಿಗೇ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ ಕಾರುಗಳೇ. ಆದರೂ ಹಳೆಯ ಗಾಡಿಗಳಿಗಾಗಿ ಅಲ್ಲಿ ಇಂಧನ ಮಾರಾಟ ನಿಂತಿಲ್ಲ. ಡೀಸೆಲ್ ಲಾರಿಗಳನ್ನೇ ನಂಬಿರುವ ನಮ್ಮಲ್ಲಿ ಅದು ಇನ್ನೂ ಬಹುಕಾಲ ನಡೆಯುತ್ತದೆ.

ಎರಡೂ ವಾದಗಳನ್ನು ತೂಗಿದರೆ ಎಲ್ಲ ಬಂಕ್‌ಗಳಿಗೂ ಒಂದೇ ಭವಿಷ್ಯ ಹೇಳಲಾಗದು. ಹೆದ್ದಾರಿಯವು ಮಾರ್ಪಟ್ಟು ಬಾಳುತ್ತವೆ; ನಗರದ ಇಕ್ಕಟ್ಟಿನ ಬಂಕ್‌ಗಳು ಮೊದಲು ಸೊರಗುತ್ತವೆ. ಅಲ್ಲಿ ಪೈಪು ಹಿಡಿದು ನಿಂತಿರುವ ಹುಡುಗ ಹುಡುಗಿಯರ ಕೆಲಸಕ್ಕೂ ಆಗ ಸಂಚಕಾರ. ತೈಲ ಕಂಪನಿಗಳು ಮತ್ತು ಸರ್ಕಾರ ಅವರಿಗೆ ಚಾರ್ಜರ್ ನಿರ್ವಹಣೆ, ಬ್ಯಾಟರಿ ರಿಪೇರಿಯ ತರಬೇತಿಯನ್ನು ಈಗಲೇ ಕೊಡಬೇಕು. ಬಂಕ್‌ಗಳು ಮುಚ್ಚತೊಡಗಿದ ಮೇಲೆ ಕೊಟ್ಟರೆ ಅದು ಅವರ ಕೈಹಿಡಿಯುವುದಿಲ್ಲ.