ಆರತಿಗೆ ಬಂದಷ್ಟು ಜನ ಅರ್ಜಿಗೂ ಬರೋಣ

ಸಂತೇಬೆನ್ನೂರು ಹೋಬಳಿಯ ಎಲ್ಲ ಮಹಿಳಾ ಮಂಡಳಿ, ಸ್ತ್ರೀಶಕ್ತಿ ಸಂಘ, ಸ್ವಸಹಾಯ ಗುಂಪುಗಳ ಅಕ್ಕ-ತಂಗಿಯರಲ್ಲಿ, ಹಾಗೆಯೇ ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ಗೆಳತಿಯರಲ್ಲಿ ಈ ಸಲದ ಗೌರಿ ಹುಣ್ಣಿಮೆಗೆ ಮುಂಚೆ ಒಂದು ಮಾತು ಕೇಳಿಕೊಳ್ಳಬೇಕಿದೆ. ಹಬ್ಬದ ಕೂಟದಲ್ಲೇ ಒಂದು ತಾಸು ತೆಗೆದಿಟ್ಟು, ಊರಿನ ಒಂದೇ ಒಂದು ತೊಂದರೆಯನ್ನು ಅರ್ಜಿಯಾಗಿ ಬರೆಯೋಣ. ಆರತಿ ತಟ್ಟೆ ಹಿಡಿದು ಬಂದವರೆಲ್ಲ ಅದಕ್ಕೆ ಸಹಿ ಹಾಕಲಿ. ಹಬ್ಬ ಮುಗಿದ ವಾರದೊಳಗೆ ಅಷ್ಟೂ ಜನ ಒಟ್ಟಿಗೆ ಹೋಗಿ ಅದನ್ನು ಕೊಟ್ಟು ಬರೋಣ.

ಹುಣ್ಣಿಮೆಗೆ ಮುಂಚಿನ ನಾಲ್ಕಾರು ದಿನ ಯಾವ ಓಣಿಗೆ ಹೋದರೂ ಸಕ್ಕರೆ ಆರತಿಯ ಸಡಗರ. ಅಟ್ಟದಿಂದ ಇಳಿದ ಮರದ ಅಚ್ಚುಗಳು ಬಕೆಟ್ ನೀರಿನಲ್ಲಿ ನೆನೆಯುತ್ತಿರುತ್ತವೆ. ಸಕ್ಕರೆ ಪಾಕಕ್ಕೆ ಚೂರು ಹಾಲು ಬಿಟ್ಟು, ಮೇಲೆ ಕಟ್ಟಿದ ಕೊಳೆ ತೆಗೆದು, ನಿಂಬೆರಸ ಹಿಂಡಿ, ದಾರ ಸುತ್ತಿದ ಅಚ್ಚಿಗೆ ಬಿಸಿಬಿಸಿಯಾಗಿ ಹುಯ್ಯಬೇಕು. ಆತುರಪಟ್ಟು ಬಿಚ್ಚಿದರೆ ಆನೆಯ ಸೊಂಡಿಲು ಮುರಿಯುತ್ತದೆ, ನವಿಲಿನ ಕೊರಳು ಹೋಗುತ್ತದೆ. ಹಾಗಾಗಿ ಕೂತು ಕಾಯಲೇಬೇಕು. ಕಾಯುವ ಆ ಹೊತ್ತಿನಲ್ಲಿ ಹೆಂಗಸರು ಆಡುವ ಮಾತಿಗೆ ಒಮ್ಮೆ ಕಿವಿಗೊಡಿ. ಕಿರಾಣಿ ಅಂಗಡಿಯಲ್ಲೇ ಮದ್ಯದ ಪ್ಯಾಕೆಟ್ ಸಿಗುತ್ತಿದೆ ಎನ್ನುತ್ತಾರೆ ಒಬ್ಬರು. ಕಾಲೇಜಿಗೆ ಹೋದ ಮಗಳು ಸಂಜೆ ಬಸ್ಸಿಲ್ಲದೆ ಕತ್ತಲಾದ ಮೇಲೆ ಮನೆ ಸೇರಿದಳು ಎನ್ನುತ್ತಾರೆ ಇನ್ನೊಬ್ಬರು. ಅಡಿಕೆ ಸುಲಿಯಲು ಹೋದ ಕಡೆ ಶೌಚಾಲಯವಿಲ್ಲ, ಕಂತು ವಸೂಲಿಗೆ ಬಂದವನು ದುಡ್ಡು ಕೊಡುವ ತನಕ ಕಟ್ಟೆ ಬಿಟ್ಟು ಏಳುವುದಿಲ್ಲ. ಒಂದು ಪಂಚಾಯಿತಿಗೆ ಇಡೀ ವರ್ಷಕ್ಕೆ ಸಾಕಾಗುವಷ್ಟು ಕೆಲಸ ಆ ಮಾತಿನಲ್ಲಿದೆ. ಗೊಂಬೆ ಅಚ್ಚು ಬಿಟ್ಟು ಬಂದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾರೂ ಬರೆದುಕೊಳ್ಳುವುದಿಲ್ಲ.

ಗೌರಮ್ಮನ ಮುಂದೆ ಆರತಿ ಬೆಳಗಲು ಇಡೀ ಓಣಿ ಬರುತ್ತದೆ. ಅದೇ ಓಣಿಯ ಬೀದಿದೀಪಕ್ಕಾಗಿ ಪಂಚಾಯಿತಿಗೆ ಅರ್ಜಿ ಕೊಡುವ ದಿನ ಸಂಘದ ಅಧ್ಯಕ್ಷೆ, ಕಾರ್ಯದರ್ಶಿ, ಜೊತೆಗೆ ಒಬ್ಬರೋ ಇಬ್ಬರೋ ಹೋಗುತ್ತಾರೆ. ಮೂವರು ಬಂದರೆ ‘ನೋಡೋಣ ಬಿಡ್ರಮ್ಮ’ ಎಂಬ ಉತ್ತರ ಬರುತ್ತದೆ. ಅರವತ್ತು ಜನ ಬಂದು ಅಂಗಳದಲ್ಲಿ ಕೂತರೆ ಒಳಗಿನಿಂದ ಕುರ್ಚಿ ಹೊರಗೆ ಬರುತ್ತದೆ, ಪಿಡಿಒ ಹೊರಗೆ ಬರುತ್ತಾರೆ. ಅಷ್ಟು ಜನರನ್ನು ಸೇರಿಸುವುದು ಕಷ್ಟ ಎಂದು ಹೇಳುವವರು ಹುಣ್ಣಿಮೆಯ ರಾತ್ರಿ ಒಮ್ಮೆ ಗುಡಿಯ ಮುಂದೆ ಬಂದು ನಿಲ್ಲಲಿ. ಜನ ಸೇರಿಯೇ ಇದ್ದಾರೆ. ಸೇರಿದ ಜನ ಚದುರುವುದಕ್ಕೆ ಮುಂಚೆ ಕೇಳಬೇಕು, ಅಷ್ಟೇ.

ಹಬ್ಬಕ್ಕೆ ಸೇರಿದವರಿಗೆ ಊರಿನ ಉಸಾಬರಿ ಯಾಕೆ ಎಂದು ಹಿರಿಯರು ಕೆಲವರು ಕೇಳಬಹುದು. ಊರಿನ ಕೆಲಸ ನಮ್ಮ ಹೆಂಗಸರಿಗೆ ಹೊಸದಲ್ಲ. ಸಂತೇಬೆನ್ನೂರಿನ ಪುಷ್ಕರಣಿಯ ಜೊತೆ ಕೆಂಗ ಹನುಮಪ್ಪ ನಾಯಕನ ಹೆಸರು ಇರುವ ಹಾಗೆ, ಸೂಳೆಕೆರೆಯ ಜೊತೆ ಶಾಂತವ್ವನ ಹೆಸರಿದೆ. ಚಿತ್ರದುರ್ಗದ ತನಕ ಕುಡಿಯುವ ನೀರು ಕೊಡುವ ಕೆರೆಯನ್ನು ಕಟ್ಟಿಸಿದವಳು ಹೆಣ್ಣುಮಗಳು ಎಂದು ನಂಬಿಕೊಂಡು ಬಂದ ಸೀಮೆ ನಮ್ಮದು. ದಾವಣಗೆರೆಯಲ್ಲಿ ವನಿತಾ ಸಮಾಜವನ್ನು ಬೆಳೆಸಿದ ನಾಗಮ್ಮ ಕೇಶವಮೂರ್ತಿಯವರು ಮುಂದೆ ಶಾಸಕಿಯಾದರು, ಮಂತ್ರಿಯಾದರು. ಇನ್ನೂ ಹಿಂದಕ್ಕೆ ಹೋದರೆ, 1927ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಓದಿನ ವಿಚಾರ ಮಾತಾಡಲು ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ತಿರುಗಿದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಓದಿನ ಮಾತಿಗೆಂದು ಸೇರಿದವರೇ ಬಾಲ್ಯವಿವಾಹ ತಡೆಯುವ ಕಾನೂನು ಬೇಕೆಂದು ಪಟ್ಟು ಹಿಡಿದರು, 1929ರಲ್ಲಿ ಶಾರದಾ ಕಾಯ್ದೆ ಬಂತು.

ನನಗೆ ಇವೆಲ್ಲಕ್ಕಿಂತ ಹತ್ತಿರ ಎನಿಸುವುದು ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಸಣ್ಣ ಹಳ್ಳಿ. ಅಲ್ಲಿನ ಹೆಂಗಸರು ಕೂಲಿ ಮುಗಿಸಿ ಸಂಜೆ ಅಕ್ಷರ ಕಲಿಯಲು ಸೇರುತ್ತಿದ್ದರು. ಅಕ್ಷರದ ಜೊತೆ ಮನೆಯ ಕಷ್ಟದ ಮಾತೂ ಬಂತು, ಎಲ್ಲರ ಮನೆಯ ಕಷ್ಟವೂ ಸಾರಾಯಿ ಅಂಗಡಿಗೇ ಹೋಗಿ ಮುಟ್ಟುತ್ತಿತ್ತು. ಒಟ್ಟಾಗಿ ಹೋಗಿ ಅಂಗಡಿ ಮುಚ್ಚಿಸಿದರು. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು, 1992ರ ಹೊತ್ತಿಗೆ ಅದು ಜಿಲ್ಲೆ ದಾಟಿದ ಚಳವಳಿಯಾಗಿತ್ತು. ಮರುವರ್ಷ ಆಂಧ್ರಪ್ರದೇಶದ ಸರ್ಕಾರ ಸಾರಾಯಿಯನ್ನೇ ನಿಲ್ಲಿಸಬೇಕಾಯಿತು. ಅವರಲ್ಲಿ ಬಹಳ ಜನ ಆಗಷ್ಟೇ ಸಹಿ ಹಾಕಲು ಕಲಿಯುತ್ತಿದ್ದವರು.

ಕರ್ನಾಟಕದಲ್ಲೂ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಗಿದೆ. ಹೋದ ಸಾರಾಯಿಯ ಜಾಗಕ್ಕೆ ಕಡಿಮೆ ಬೆಲೆಯ ಪ್ಯಾಕೆಟ್ ಬಂತು, ಗುಡ್ಡದ ಆಚೆಯ ಅಂಗಡಿಯಲ್ಲಿದ್ದದ್ದು ಬೆಲ್ಲ, ಬೇಳೆ ಮಾರುವ ಅಂಗಡಿಗೇ ಬಂತು. 2019ರ ಜನವರಿಯಲ್ಲಿ ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ನಮ್ಮ ನೆರೆಯ ಚಿತ್ರದುರ್ಗದಿಂದಲೇ ಹೊರಟು ಬೆಂಗಳೂರಿನ ತನಕ 200 ಕಿಲೋಮೀಟರ್ ನಡೆದರು. ಚಳಿಯಲ್ಲಿ, ಎಷ್ಟೋ ಜನ ಹವಾಯಿ ಚಪ್ಪಲಿಯಲ್ಲಿ. ದಾರಿಯಲ್ಲಿ ಅಪಘಾತವಾಗಿ ಒಬ್ಬ ತಾಯಿ ಜೀವ ಬಿಟ್ಟರು. ಅವರು ಕೇಳಿದ ಪೂರ್ತಿ ಮದ್ಯನಿಷೇಧ ಸಿಗಲಿಲ್ಲ. ಆದರೆ ಲೈಸೆನ್ಸ್ ಇಲ್ಲದ ಅಂಗಡಿಯಲ್ಲಿ ಮದ್ಯ ಮಾರುವುದು ಈಗಲೂ ಅಪರಾಧ, ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಯಾವ ಅಂಗಡಿ, ಯಾವ ಹೊತ್ತಿನಲ್ಲಿ ಎಂದು ಬರೆದು ಅಬಕಾರಿ ಇಲಾಖೆಗೂ ಪೊಲೀಸ್ ಠಾಣೆಗೂ ಕೊಡಬೇಕು. ಒಬ್ಬಳೇ ಬರೆದುಕೊಟ್ಟರೆ ಅಂಗಡಿಯವನು ನಾಳೆ ಅವಳ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಐವತ್ತು ಸಹಿ ಇದ್ದರೆ ಅವನು ಯಾರ ಬಾಗಿಲಿಗೆ ಹೋಗಬೇಕು? ಸಹಿಗಳನ್ನು ವೃತ್ತಾಕಾರದಲ್ಲಿ ಹಾಕಿಸಿ, ಯಾರು ಮೊದಲು ಹಾಕಿದರು ಎಂದು ಯಾರಿಗೂ ತಿಳಿಯಬಾರದು.

ಬಸ್ಸಿನ ಮಾತು ಜಗಳೂರಿಗೂ ನ್ಯಾಮತಿಗೂ ಒಂದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ನಮಗೆ ಉಚಿತ. ಆದರೆ ನಮ್ಮ ಭಾಗದ ಎಷ್ಟೋ ಮಾರ್ಗಗಳಲ್ಲಿ ಮೊದಲಿನಿಂದಲೂ ಓಡುತ್ತಿರುವುದು ಖಾಸಗಿ ಬಸ್ಸು, ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ. ಮೈಸೂರು, ಮಂಡ್ಯದ ಹೆಣ್ಣುಮಗಳಿಗೆ ಸಿಗುವ ಸೌಲಭ್ಯ ಚನ್ನಗಿರಿಯ ಹಳ್ಳಿಯ ಹೆಣ್ಣುಮಗಳಿಗೆ ಅರ್ಧಂಬರ್ಧ ಸಿಗುತ್ತಿದೆ. ಇದನ್ನು ಕೇಳಬೇಕಾದದ್ದು ಕೆಎಸ್‌ಆರ್‌ಟಿಸಿ ದಾವಣಗೆರೆ ವಿಭಾಗದ ಅಧಿಕಾರಿಗಳನ್ನು. ‘ಬಸ್ ಬಿಡಿ’ ಎಂದಷ್ಟೇ ಬರೆದರೆ ಅರ್ಜಿ ಫೈಲಿನಲ್ಲಿ ಕೂರುತ್ತದೆ. ಯಾವ ಊರಿನಿಂದ ಎಷ್ಟು ಹುಡುಗಿಯರು ಯಾವ ಕಾಲೇಜಿಗೆ ಹೋಗುತ್ತಾರೆ, ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ ಬೇಕು, ಸಂಜೆ ಎಷ್ಟಕ್ಕೆ ಬೇಕು ಎಂದು ಲೆಕ್ಕ ಕೊಟ್ಟು ಬರೆದರೆ ಅದಕ್ಕೆ ಉತ್ತರ ಕೊಡದೆ ವಿಧಿಯಿಲ್ಲ. ಆ ಲೆಕ್ಕ ಮಾಡಲು ಹಬ್ಬದ ರಾತ್ರಿಗಿಂತ ಒಳ್ಳೆಯ ಹೊತ್ತು ಎಲ್ಲಿದೆ? ಎಲ್ಲ ಮನೆಯ ತಾಯಂದಿರೂ ಅಲ್ಲೇ ಇರುತ್ತಾರೆ.

ಗೌರಿ ಹುಣ್ಣಿಮೆ ಬರುವುದು ಅಡಿಕೆ ಸುಗ್ಗಿಯ ನಡುವೆ. ಖೇಣಿ ಮನೆಗಳಲ್ಲಿ ಬೆಳಗಿನ ಜಾವದಿಂದ ಸುಲಿಯುವವರು, ಬೇಯಿಸಿದ ಅಡಿಕೆ ಹರಡುವವರು, ಆರಿಸುವವರು ಹೆಚ್ಚಿನವರು ಹೆಂಗಸರೇ. ಚನ್ನಗಿರಿಯ ಅಡಿಕೆಗೆ ಹೆಸರು ತಂದ ಕೈಗಳವು. ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂತು ಸೊಂಟ ಹಿಡಿದವರು, ಅಡಿಕೆಯ ಚೊಗರಿಗೆ ಬೆರಳು ಕಪ್ಪಾದವರು ನಮ್ಮ ಸಂಘದಲ್ಲೇ ಇದ್ದಾರೆ. ಅವರ ಜೊತೆ ಕೆಲಸದ ಜಾಗದಲ್ಲಿ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ದೂರು ಕೊಡಲು ಆಫೀಸು, ಫ್ಯಾಕ್ಟರಿಯೇ ಆಗಬೇಕೆಂದಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಇಂಥ ಅಸಂಘಟಿತ ಕೆಲಸಗಾರರಿಗಾಗಿಯೇ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು, ಮೂರು ತಿಂಗಳೊಳಗೆ ದೂರು ಕೊಡಬಹುದು. ಹಾಗೆಯೇ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಾಲ ವಸೂಲಿಯ ಕಿರುಕುಳಕ್ಕೂ 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ, ಪೊಲೀಸರಿಗೆ ದೂರು ಕೊಡಬಹುದು. ಇಷ್ಟನ್ನು ಒಬ್ಬರು ಎದ್ದು ನಿಂತು ಹಬ್ಬದ ದಿನ ಹೇಳಿದರೂ ದೊಡ್ಡ ಉಪಕಾರ.

ಇನ್ನೊಂದು ವಿಷಯವನ್ನು ಎಲ್ಲರ ಮುಂದೆ ಹೇಳಲೇಬೇಕು. ಮದುವೆ ಗೊತ್ತಾದ ಹುಡುಗಿಗೆ ಬೀಗರ ಮನೆಯಿಂದ ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ಬರುವುದು ಈ ಹಬ್ಬದಲ್ಲೇ. ಯಾರ ಮನೆಗೆ ಆರತಿ ಬಂತು ಎಂಬುದು ಓಣಿಯ ಹೆಂಗಸರಿಗೆ ಮೊದಲು ಗೊತ್ತಾಗುತ್ತದೆ. ಆ ಹುಡುಗಿ ಒಂಬತ್ತನೇ ತರಗತಿಯಲ್ಲಿದ್ದರೆ ನಾವು ಸುಮ್ಮನಿರುವುದು ತಪ್ಪು. ಅಧಿಕಾರಿಗಳಿಗೆ ತಿಳಿಯುವುದು ಚಪ್ಪರ ಹಾಕಿದ ಮೇಲೆ, ನಮಗೆ ತಿಳಿಯುವುದು ಅದಕ್ಕೆ ಆರು ತಿಂಗಳ ಮುಂಚೆ. ಹುಡುಗಿಗೆ 18 ತುಂಬುವ ಮೊದಲು ಮಾಡಿದ ಮದುವೆ 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು. ಮೊದಲು ತಾಯಿಯ ಹತ್ತಿರ ಕೂತು ಮಾತಾಡಿ. ಬಡತನವೋ, ಪ್ರೀತಿ ಪ್ರೇಮದ ಹೆದರಿಕೆಯೋ, ಹಾಸ್ಟೆಲ್ ಸೀಟು ಸಿಗದ್ದೋ, ಕಾರಣ ಏನೆಂದು ಕೇಳಿ. ಹಾಸ್ಟೆಲ್ ಸೀಟು ಕೊಡಿಸುವುದು ಸಂಘದ ಕೈಲಾಗುವ ಕೆಲಸ. ಮಾತು ನಡೆಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗ ಕೂಟಕ್ಕೆ ಯಾರು ಬರುತ್ತಾರೆ ಎಂಬ ಮಾತು. ಗಂಡನನ್ನು ಕಳೆದುಕೊಂಡವಳು ಅಡುಗೆಗೆ ಬೇಕು, ಪಾಕ ಹದ ನೋಡಲು ಬೇಕು, ಆರತಿ ಹಿಡಿಯಲು ಬೇಡ ಎಂಬ ಪದ್ಧತಿ ಇನ್ನೂ ನಡೆಯುತ್ತಿದೆ. ಸಂಘದ ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿದೆ, ಉಳಿತಾಯ ತಪ್ಪದೆ ಕಟ್ಟುತ್ತಾಳೆ, ಹಬ್ಬದ ದಿನ ಮಾತ್ರ ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ. ಇದು ನನಗೆ ಸಹಿಸಲಾಗದ ಸಂಗತಿ. ಈ ಸಲ ಅವಳ ಕೈಗೆ ಮೊದಲ ತಟ್ಟೆ ಕೊಡಿ. ಕೇರಿಯ ಸಂಘದವರನ್ನು ‘ಬೇಕಾದರೆ ಬರಲಿ’ ಎಂದು ಬಿಡಬೇಡಿ, ಮನೆಗೆ ಹೋಗಿ ಕರೆಯಿರಿ, ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿ. ಮುಸ್ಲಿಂ ಓಣಿಯ ಅಕ್ಕಂದಿರಿಗೆ ಆರತಿ ಬೇಡವಾದರೆ ಸಭೆಗೆ ಬರಲಿ, ಅವರ ಓಣಿಯಲ್ಲೂ ನಲ್ಲಿಗೆ ಅದೇ ನೀರು ಬರಬೇಕು. ತಾಂಡಾದ ಹುಡುಗಿಯರು ದೀಪಾವಳಿಗೆ ದೀಪ ಹಿಡಿದು ಮನೆಮನೆಗೆ ಮೇರಾ ಹೇಳಿ ಹಾರೈಸಲು ಹೋಗುತ್ತಾರೆ, ಹಬ್ಬ ಮುಗಿದ ಮೇಲೆ ಎಷ್ಟೋ ಮನೆಗಳು ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಬೀಗ ಹಾಕಿ ಹೊರಡುತ್ತವೆ. ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತದೆ. ಅವರ ಸಹಿ ಬೇಕಿದ್ದರೆ ಹುಣ್ಣಿಮೆಯ ತನಕ ಕಾಯುವಂತಿಲ್ಲ, ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವ ನ್ಯಾಮತಿ ಕಡೆಯವರು ದೀಪಾವಳಿಗೇ ತಾಂಡಾದಲ್ಲಿ ಕೂಟ ಮಾಡುವುದು ಒಳ್ಳೆಯದು.

ಅರ್ಜಿ ಒಂದು ಪುಟ ಮೀರದಿರಲಿ, ಅದರಲ್ಲಿ ಒಂದೇ ಬೇಡಿಕೆ ಇರಲಿ. ಹತ್ತು ಬೇಡಿಕೆ ಬರೆದರೆ ಸುಲಭದ್ದೊಂದನ್ನು ಮಾಡಿ ಉಳಿದ ಒಂಬತ್ತನ್ನು ಮರೆಯುತ್ತಾರೆ. ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಟ್ಟೆ ಇಳಿಯಬೇಡಿ. ಜಗಳೂರಿನವರು ನೀರಿನ ವಿಚಾರ ಬರೆಯುವುದಾದರೆ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯಲ್ಲಿ ನಿಮ್ಮೂರ ಕೆರೆ ಇದೆಯೇ, ನೀರು ಯಾವಾಗ ಬಂತು, ಊರಿನ ಶುದ್ಧ ನೀರಿನ ಘಟಕ ಎಷ್ಟು ದಿನದಿಂದ ನಿಂತಿದೆ ಎಂಬುದನ್ನು ಸೇರಿಸಿ. ಅರ್ಜಿ ಕೊಟ್ಟ ಮೇಲೆ ವಾರ್ಡ್ ಸಭೆ, ಗ್ರಾಮಸಭೆಯ ತನಕ ಅದನ್ನು ಬಿಡಬೇಡಿ. ಕೋರಂನಲ್ಲಿ ಕನಿಷ್ಠ ಶೇ 30ರಷ್ಟು ಹೆಂಗಸರು ಇರಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ, ಸಂಘದಲ್ಲಿ ಹಾಕಿದ ಸಹಿಯನ್ನು ಅಲ್ಲಿಗೆ ಎಣಿಸುವುದಕ್ಕೆ ಒಪ್ಪಬೇಡಿ. ನಿಮ್ಮ ಬೇಡಿಕೆ ಠರಾವಾಗಿ ನಡಾವಳಿ ಪುಸ್ತಕಕ್ಕೆ ಏರಿದ್ದನ್ನು ಓದಿಸಿ ಕೇಳಿದ ಮೇಲೆ ಏಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಬೇಡ, 30 ದಿನದಲ್ಲಿ ಉತ್ತರ ಕೊಡಬೇಕು. 1987ರ ಚುನಾವಣೆಯಲ್ಲೇ ಈ ರಾಜ್ಯ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟಿತ್ತು, 2010ರಿಂದ ಅರ್ಧಕ್ಕರ್ಧ ನಮ್ಮದು. ನಮ್ಮ ಸದಸ್ಯೆಯ ಬದಲು ಅವರ ಯಜಮಾನರು ಎದ್ದು ಮಾತಾಡಿದರೆ, ‘ಅಣ್ಣಾ, ನೀವು ಕೂತ್ಕೊಳ್ಳಿ, ಅಕ್ಕ ಮಾತಾಡಲಿ’ ಎಂದು ನಾವೇ ಹೇಳಬೇಕು.

ಮನೆಯ ಗಂಡಸರಲ್ಲೂ ಕೇಳಿಕೊಳ್ಳುತ್ತೇನೆ. ಅರ್ಜಿ ಕೊಡುವ ದಿನ ದನ ಕಟ್ಟುವುದು, ಮಕ್ಕಳಿಗೆ ಊಟ ಹಾಕುವುದು ನಿಮ್ಮ ಪಾಲಿಗಿರಲಿ. ಖೇಣಿ ಮನೆಯ ಯಜಮಾನರು ಆ ಅರ್ಧ ದಿನದ ಕೂಲಿ ಹಿಡಿಯದೆ ಹೆಂಗಸರನ್ನು ಕಳಿಸಿಕೊಡಿ. ಪಿಡಿಒಗಳು, ಅಂಗನವಾಡಿ ಮೇಲ್ವಿಚಾರಕಿಯರು ಕರೆದಾಗ ಕೂಟಕ್ಕೆ ಬಂದು ಅರ್ಧ ತಾಸು ಕೂತು ಕೇಳಿ. ಹೈಸ್ಕೂಲ್ ಮುಗಿಸಿದ ಹುಡುಗಿ ಪ್ರತಿ ಸಂಘದಲ್ಲೂ ಒಬ್ಬಳಾದರೂ ಇರುತ್ತಾಳೆ, ಬಿಳಿ ಹಾಳೆ, ಪೆನ್ನು ಅವಳ ಕೈಯಲ್ಲಿರಲಿ. ಅಚ್ಚು ನೆನೆಸುವ ದಿನವೇ ಯಾವ ಬೇಡಿಕೆ ಎಂದು ಮಾತಾಡಿ ನಿಶ್ಚಯ ಮಾಡಿ, ಹುಣ್ಣಿಮೆಯ ರಾತ್ರಿ ಸಹಿ ಹಾಕಿಸಿ, ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಎಲ್ಲರೂ ಪಂಚಾಯಿತಿ ಮುಂದೆ ಸೇರಿ.