ಅಲಾಯ್ ವೀಲ್‌ಗೆ ಟಾರ್ಚ್ ಹಿಡಿಯುವ ಮುನ್ನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರಿನಿಂದ ಕಾಲೇಜಿಗೆ ಬರುವವರಿಗೂ ದಾರಿಯಲ್ಲಿ ಒಂದೆರಡು ಗ್ಯಾರೇಜು, ಒಂದು ಗುಜರಿ ಅಂಗಡಿ ಸಿಕ್ಕೇ ಸಿಗುತ್ತದೆ. ಅಲ್ಲಿ ದುಡಿಯುವವರಲ್ಲಿ ನಮ್ಮ ಅಣ್ಣಂದಿರು, ಮಾಮುಗಳು, ನೆರೆಹೊರೆಯವರು ಬಹಳ ಜನ ಇದ್ದಾರೆ. ಗುಂಡಿಗೆ ಬಿದ್ದು ಬಾಗಿದ ಬೈಕಿನ ಅಲಾಯ್ ವೀಲನ್ನು ಗ್ಯಾಸ್ ಟಾರ್ಚ್‌ನಿಂದ ಕಾಯಿಸಿ, ಸುತ್ತಿಗೆಯಿಂದ ಬಡಿದು ನೇರ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಚಕ್ರ ದುಂಡಗಾಗುತ್ತದೆ, ಗಾಳಿ ನಿಲ್ಲುತ್ತದೆ, ಗ್ರಾಹಕ ಖುಷಿಯಿಂದ ಹೋಗುತ್ತಾನೆ. ಆದರೂ ಈ ಪದ್ಧತಿ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಕಾಮರ್ಸ್‌ನವರಿಗೆ ಲೋಹದ ಮಾತೇಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ಇದರಲ್ಲಿ ವ್ಯಾಪಾರವೂ ಇದೆ, ಪ್ರಾಣವೂ ಇದೆ.

ಶುದ್ಧ ಅಲ್ಯೂಮಿನಿಯಂ ಬಹಳ ಮೆದು. ನಮ್ಮ ಮನೆಯಲ್ಲಿ 'ಜರ್ಮನ್' ಎಂದು ಕರೆಯುವ ಪಾತ್ರೆ ಕೈಜಾರಿ ಬಿದ್ದರೆ ಸಾಕು, ತಗ್ಗು ಬೀಳುತ್ತದೆ. ಅದಕ್ಕೆ ಬಲ ತುಂಬುವ ಮುಖ್ಯ ದಾರಿಯೊಂದನ್ನು ಕಂಡವನು ನಿಜವಾಗಿಯೂ ಜರ್ಮನಿಯವನೇ. 1906ರಲ್ಲಿ ಆಲ್‌ಫ್ರೆಡ್ ವಿಲ್ಮ್ ಎಂಬ ವಿಜ್ಞಾನಿ ತಾಮ್ರ, ಮೆಗ್ನೀಷಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ತಟ್ಟನೆ ತಣ್ಣಗಾಗಿಸಿದ. ಕೆಲವು ದಿನ ಸುಮ್ಮನೆ ಬಿಟ್ಟ ತುಂಡು ತಾನಾಗಿಯೇ ಗಟ್ಟಿಯಾಗಿತ್ತು. ಮುಂದೆ ವಿಮಾನಗಳ ಕಾಲ ಬಂದದ್ದು ಆ ಲೋಹದ ಬಲದಿಂದ.

ಕಾರಣ ಹೀಗೆ. ದೊಡ್ಡ ಜಮಖಾನವನ್ನು ಪೂರ್ತಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಮಡಿಕೆ ಮಾಡಿ ಅದನ್ನು ಮುಂದೆ ತಳ್ಳುತ್ತಾ ಹೋದರೆ ಜಮಖಾನ ಸುಲಭವಾಗಿ ಜರುಗುತ್ತದೆ. ಲೋಹ ಬಾಗುವುದೂ ಒಳಗಿನ ಇಂಥ ಮಡಿಕೆಗಳು ಜರುಗುವುದರಿಂದ. ಜಮಖಾನದ ಮೇಲೆ ಅಲ್ಲಲ್ಲಿ ಕಲ್ಲು ಇಟ್ಟರೆ ಮಡಿಕೆ ಸಿಕ್ಕಿಹಾಕಿಕೊಳ್ಳುತ್ತದೆ. ಶಾಖ ಸಂಸ್ಕರಣೆಯಲ್ಲಿ ಲೋಹದೊಳಗೆ ಹುಟ್ಟುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಆ ಕಲ್ಲುಗಳ ಕೆಲಸ ಮಾಡುತ್ತವೆ. 6061 ಎಂಬ ಮಿಶ್ರಲೋಹವನ್ನೇ ನೋಡಿ. ಮೆದು ಸ್ಥಿತಿಯಲ್ಲಿ ಅದು ತಡೆಯುವ ಎಳೆತ ಸುಮಾರು 125 ಮೆಗಾಪ್ಯಾಸ್ಕಲ್. ಸುಮಾರು 530 ಡಿಗ್ರಿಗೆ ಕಾಯಿಸಿ, ನೀರಿಗೆ ಹಾಕಿ, ಮತ್ತೆ 160–175 ಡಿಗ್ರಿಯಲ್ಲಿ ಹಲವು ಗಂಟೆ ಇಟ್ಟರೆ ಅದೇ ಲೋಹ 310ರವರೆಗೆ ತಡೆಯುತ್ತದೆ. ತೂಕ ಒಂದು ಗ್ರಾಂ ಕೂಡ ಹೆಚ್ಚುವುದಿಲ್ಲ.

ಹಲವು ಅಲಾಯ್ ವೀಲ್‌ಗಳಿಗೂ ಕಾರ್ಖಾನೆಯಲ್ಲಿ ಇಂಥದೇ ಸಂಸ್ಕಾರ ಆಗಿರುತ್ತದೆ. ಟಾರ್ಚ್ ಹಿಡಿದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಶಾಖ ಮಿತಿ ಮೀರಿದರೆ ಸಣ್ಣ ಕಣಗಳು ಒಂದರಲ್ಲೊಂದು ಸೇರಿ ದೊಡ್ಡದಾಗಿ, ದೂರ ದೂರವಾಗುತ್ತವೆ. ಮಡಿಕೆಗಳಿಗೆ ದಾರಿ ಬಿಡುವಾಗುತ್ತದೆ, ಅಂದರೆ ಆ ಜಾಗ ಮೆದುವಾಗುತ್ತದೆ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಕರಗುವವರೆಗೂ ಬಣ್ಣ ಬದಲಿಸುವುದಿಲ್ಲ. ಕಬ್ಬಿಣದ ಮೇಲೆ ಕೈ ಪಳಗಿದ ಒಳ್ಳೆಯ ಮೆಕ್ಯಾನಿಕ್ ಕೂಡ ಇಲ್ಲಿ ಮೋಸಹೋಗುತ್ತಾನೆ. ಲೆಕ್ಕಶಾಸ್ತ್ರದಲ್ಲಿ ನಾವು ಯಂತ್ರಕ್ಕೆ ಸವಕಳಿ ಬರೆಯುತ್ತೇವೆ. ಈ ಚಕ್ರದ ಸವಕಳಿ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಹೆದ್ದಾರಿಯಲ್ಲಿ ಮೂವರು ಕೂತ ಬೈಕು ಮುಂದಿನ ಗುಂಡಿಗೆ ಬಿದ್ದಾಗ ಅದು ಗೊತ್ತಾಗಬಹುದು.

ಸೆರಾಮಿಕ್ ನ್ಯಾನೋ ಕಣ ಬೆರೆಸಿದ ಅಲ್ಯೂಮಿನಿಯಂ ಬಂದರೆ ಈ ಚಿಂತೆ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದೂ ನಮಗೆ ದೂರದ ವಿಷಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಂದಿಗೆ ನಂಟಿರುವ ಎಂ.ಕೆ. ಸೂರಪ್ಪ ಮತ್ತು ಪಿ.ಕೆ. ರೋಹಟ್ಗಿ ಅವರು ಅಲ್ಯೂಮಿನಿಯಂ ಎರಕದಲ್ಲಿ ಸೆರಾಮಿಕ್ ಕಣ ಬೆರೆಸುವ ಬಗ್ಗೆ 1981ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಸಿಲಿಕಾನ್ ಕಾರ್ಬೈಡ್, ಅಲ್ಯುಮಿನಾ ಕಣಗಳು ಟಾರ್ಚ್‌ನ ಶಾಖಕ್ಕೆ ಕರಗುವುದಿಲ್ಲ, ನಿಜ. ಆದರೆ ನ್ಯಾನೋ ಪುಡಿ ದುಬಾರಿ. ಕರಗಿದ ಲೋಹದಲ್ಲಿ ಅದು ಸಮವಾಗಿ ಹರಡದೆ ಗಂಟು ಕಟ್ಟುತ್ತದೆ. ಕೊರೆಯುವ ಉಪಕರಣಗಳು ಬೇಗ ಸವೆಯುತ್ತವೆ, ಗುಜರಿಗೆ ಹೋದಾಗ ಪುಡಿಯನ್ನು ಬೇರ್ಪಡಿಸುವುದೂ ಕಷ್ಟ. ಅಲ್ಲದೆ ಅಂಥ ಲೋಹಗಳಲ್ಲೂ ಬಲದ ಒಂದು ದೊಡ್ಡ ಪಾಲು ಬರುವುದು ಶಾಖ ಸಂಸ್ಕರಣೆಯಿಂದಲೇ. ನಾಳೆಯ ಲೋಹಕ್ಕೆ ಕಾಯುವ ಮೊದಲು, ಇಂದು ಕೈಯಲ್ಲಿರುವ ಲೋಹದ ಬಲ ಕೆಡಿಸದಿರುವುದು ಜಾಣತನ.

ಹೊಸ ವೀಲ್ ಕೊಳ್ಳಲು ಬಡವನ ಬಳಿ ಹಣ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಮೆಕ್ಯಾನಿಕ್‌ಗೂ ಅದು ಅಂದಿನ ಅನ್ನ. ಇಲ್ಲೇ ವ್ಯಾಪಾರದ ಮಾತು ಬರುತ್ತದೆ. ಹಾಳಾದ ವೀಲ್ ಕಸವಲ್ಲ. ಅದು ಗೊತ್ತಿರುವ, ಒಂದೇ ಬಗೆಯ ಒಳ್ಳೆಯ ಮಿಶ್ರಲೋಹ. ಪಾತ್ರೆ, ತಂತಿಗಳ ಜೊತೆ ಬೆರೆಸದೆ ಬೇರೆ ಇಟ್ಟು ಮಾರಿದರೆ ಮಿಶ್ರ ಗುಜರಿಗಿಂತ ಹೆಚ್ಚು ಬೆಲೆ ಸಿಗುತ್ತದೆ. ಆ ಹಣ ಹೊಸ ವೀಲ್‌ನ ಬೆಲೆಯಲ್ಲಿ ಕಳೆದರೆ ಗ್ರಾಹಕನ ಹೊರೆ ಸ್ವಲ್ಪವಾದರೂ ಇಳಿಯುತ್ತದೆ. ಬದಲಿಸುವ ಕೂಲಿ ಮೆಕ್ಯಾನಿಕ್‌ಗೆ ಉಳಿಯುತ್ತದೆ.

ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ಮನವಿ ಇಷ್ಟು. ಒಂದು ಶನಿವಾರ ಮಧ್ಯಾಹ್ನ ನಮ್ಮ ಪ್ರಯೋಗಾಲಯಕ್ಕೆ ಸುತ್ತಲಿನ ಗ್ಯಾರೇಜು, ಗುಜರಿ ಅಂಗಡಿಗಳವರನ್ನು ಕರೆಯೋಣ. ವಿಜ್ಞಾನದವರು ಕಾಯಿಸಿದ ಪಟ್ಟಿ ಮತ್ತು ಕಾಯಿಸದ ಪಟ್ಟಿಯನ್ನು ಬಾಗಿಸಿ ತೋರಿಸಲಿ, ಕಾಮರ್ಸ್‌ನವರು ಗುಜರಿಯ ಲೆಕ್ಕ ಹೇಳಲಿ. ಮಾತು ಕನ್ನಡದಲ್ಲೂ ಇರಲಿ, ಉರ್ದುವಿನಲ್ಲೂ ಇರಲಿ. ಅವರಲ್ಲಿ ಅನೇಕರು ನಮ್ಮ ವಯಸ್ಸಿನಲ್ಲೇ ಶಾಲೆ ಬಿಟ್ಟವರು. ಅವರಿಗೆ ಕೈ ಕೆಲಸ ಕಲಿಸುವ ಯೋಗ್ಯತೆ ನಮಗಿಲ್ಲ. ಪುಸ್ತಕದಲ್ಲಿ ನಮಗೆ ಸಿಕ್ಕಿದ ಈ ಒಂದು ಮಾತನ್ನು ಅವರಿಗೆ ತಲುಪಿಸಬಹುದು.