ಕೊನೆಯ ಸೈಕಲ್ ತಲುಪದೆ ಯಾನ ಮುಗಿಯುವುದೇ?

ಕಳೆದ ಶುಕ್ರವಾರ ಜುಮುಅ ಮುಗಿಸಿ ಹೊರಬರುವಾಗ ಮೊಹಲ್ಲಾದ ನಾಲ್ವರು ಯುವಕರು ಮಸೀದಿಯ ಮೆಟ್ಟಿಲ ಬಳಿ ಕಾಯುತ್ತಿದ್ದರು. ನಾಲ್ವರೂ ಒಮಾನ್‌ನಲ್ಲಿ ಕೆಲಸಕ್ಕಿರುವವರು, ರಜೆಯಲ್ಲಿ ಊರಿಗೆ ಬಂದವರು. ಬರುವ ಜನವರಿಯಲ್ಲಿ ಗೆಳೆಯರೊಂದಿಗೆ ಮಸ್ಕತ್‌ನಿಂದ ಸಲಾಲಕ್ಕೆ ಸೈಕಲ್‌ನಲ್ಲಿ ಹೋಗುತ್ತಾರಂತೆ. "ಉಸ್ತಾದ್, ದುಆ ಮಾಡಬೇಕು" ಎಂದರು. ಮಾಡಿದೆವು. ಆದರೆ ದುಆದ ಜೊತೆಗೆ ಹೇಳಬೇಕಾದ ಒಂದು ಮಾತಿತ್ತು. ಮೆಟ್ಟಿಲಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ ಅದು.

ಕೆಲವು ವರ್ಷಗಳ ಹಿಂದೆ ನಾವು ಮಸ್ಕತ್‌ನಲ್ಲಿ ಮದ್ರಸ ಪಾಠ ಮಾಡುತ್ತಿದ್ದಾಗ ನಮ್ಮವರೇ ಹನ್ನೊಂದು ಮಂದಿ ಇದೇ ದಾರಿಯಲ್ಲಿ ಸೈಕಲ್ ಹೊಡೆದಿದ್ದರು. ನಮಗೆ ಸೈಕಲ್ ಆಗದು, ಮೊಣಕಾಲು ನೋವು. ನೀರು, ಅಡುಗೆ ಸಾಮಾನು, ಟ್ಯೂಬ್, ಪಂಪು ತುಂಬಿದ ಪಿಕಪ್‌ನಲ್ಲಿ ಡ್ರೈವರ್ ಪಕ್ಕ ಕೂತು ಹೋದೆವು. ಸುಮಾರು 1,000 ಕಿ.ಮೀ., ಹತ್ತು ದಿನ. ನಿಝ್ವಾ ದಾಟಿ ಆದಮ್ ಬಿಟ್ಟ ಮೇಲೆ ಮರ ಇಲ್ಲ, ಗುಡ್ಡ ಇಲ್ಲ, ತಿರುವೂ ಇಲ್ಲ. ಬರೀ ಜಲ್ಲಿಯ ಬಯಲು. ಎಷ್ಟೋ ಹೊತ್ತಿಗೊಮ್ಮೆ ಒಂದು ಪೆಟ್ರೋಲ್ ಪಂಪ್, ಪಕ್ಕದಲ್ಲಿ ಸಣ್ಣ ಮಸೀದಿ, ಒಂದು ಮಲಯಾಳಿಯ ಚಹಾದಂಗಡಿ. ಹೈಮಾ ಬರುವಷ್ಟರಲ್ಲಿ ಎಲ್ಲರ ತುಟಿ ಒಡೆದಿತ್ತು.

ಆ ಒಂಬತ್ತು ದಿನ ನಮ್ಮವರು ನಡೆದುಕೊಂಡ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬರನ್ನು ಅಮೀರ್ ಮಾಡಿಕೊಂಡಿದ್ದರು. ಲುಹರ್, ಅಸರ್ ಜಂಅ್ ಮತ್ತು ಖಸ್ರ್ ಮಾಡಿ ಜಮಾಅತ್ತಾಗಿಯೇ ನಮಾಝ್. ಮುಂದೆ ಹೋದವರು ಪಂಪ್‌ನಲ್ಲಿ ಕಾದು, ಕೊನೆಯವರು ಬಂದ ಮೇಲೆಯೇ ಊಟ. ಆ ಕೊನೆಯವರು ಹೆಚ್ಚಿನ ದಿನ ಒಬ್ಬರೇ. ಗ್ರೋಸರಿಯಲ್ಲಿ ಇಪ್ಪತ್ತು ವರ್ಷ ನಿಂತೇ ಕೆಲಸ ಮಾಡಿದ, ಐವತ್ತು ದಾಟಿದ ನಮ್ಮ ಒಬ್ಬ ಕಾಕ. ಪಿಕಪ್ ಯಾವಾಗಲೂ ಅವರ ಹಿಂದೆ. ನಾವು ಕಿಟಕಿಯಿಂದ ತಲೆ ಹೊರಹಾಕಿ ಮಾತಾಡಿಸುತ್ತಿದ್ದೆವು, ಅವರು ಏದುಸಿರಲ್ಲೇ ಮೂರನೇ ಮಗಳ ಮದುವೆಯ ಸುದ್ದಿ ಹೇಳುತ್ತಿದ್ದರು.

ಕೆಟ್ಟದ್ದು ಕೊನೆಯ ದಿನ. ತುಮ್ರೈತ್‌ನಿಂದ ಸಲಾಲಕ್ಕೆ ಸುಮಾರು 80 ಕಿ.ಮೀ. ದಾರಿಯಲ್ಲಿ ವಾದಿ ದೌಕ ಸಿಗುತ್ತದೆ, ಲುಬಾನ್ ಮರಗಳ ಬಯಲು. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಅಲ್ಲಿಂದ ಮುಂದೆ ಬೆಟ್ಟದ ಏರು, ಆಮೇಲೆ ಸಮುದ್ರದ ಮಟ್ಟದ ತನಕ ಕಡಿದಾದ ಇಳಿಜಾರು, ಜೊತೆಗೆ ಲಾರಿಗಳ ಸಾಲು. ಕಾಕ ಏರಿನಲ್ಲಿ ಹಿಂದೆ ಬಿದ್ದಿದ್ದರು. ಆಗ ಮುಂದಿನವರ ಫೋನ್ ಬಂತು: "ಉಸ್ತಾದ್, ಬ್ಯಾನರ್ ಪಿಕಪ್‌ನಲ್ಲಿದೆ. ಸ್ವಾಗತಕ್ಕೆ ಜನ ಬಂದು ನಿಂತಿದ್ದಾರೆ, ಬೇಗ ಬನ್ನಿ." ಡ್ರೈವರ್ ನಮ್ಮ ಮುಖ ನೋಡಿದ. ನಾವು ಕಾಕನಿಗೆ ಒಂದು ಬಾಟ್ಲಿ ನೀರು ಕೊಟ್ಟು "ಇನ್ನು ಇಳಿಜಾರೇ ಅಲ್ವಾ, ನಿಧಾನ ಬನ್ನಿ" ಎಂದು ಹೇಳಿ ಮುಂದೆ ಹೋದೆವು.

ಸಲಾಲದಲ್ಲಿ ತೆಂಗು, ಬಾಳೆ, ಎಳನೀರಿನ ಅಂಗಡಿಗಳ ಸಾಲು ನೋಡಿದರೆ ಉಳ್ಳಾಲಕ್ಕೇ ಬಂದ ಹಾಗೆ. ಬ್ಯಾನರ್ ಬಿಚ್ಚಿದರು, "ಯಾನ ಸಮಾಪ್ತಿ" ಎಂದು ಬರೆದದ್ದು. ಹಾರ, ಫೋಟೋ, ವೀಡಿಯೊ, ಭಾಷಣ ಎಲ್ಲ ಆಯಿತು. ಕಾಕ ಬಂದದ್ದು ಒಂದು ಗಂಟೆಯ ಮೇಲೆ. ಬ್ರೇಕಿನ ರಬ್ಬರ್ ಸವೆದು ಇಳಿಜಾರಿನ ಅರ್ಧ ದಾರಿ ಸೈಕಲ್ ತಳ್ಳಿಕೊಂಡೇ ನಡೆದಿದ್ದರು. ಬದಲಿ ರಬ್ಬರ್ ಪಿಕಪ್‌ನಲ್ಲಿತ್ತು! ಜನ ಊಟಕ್ಕೆ ಹೋಗಿ ಆಗಿತ್ತು. "ಪರವಾಗಿಲ್ಲ ಉಸ್ತಾದ್" ಎಂದು ನಕ್ಕು ಬಾಟ್ಲಿ ವಾಪಸ್ ಕೊಟ್ಟರು. ಮುಂದಿನ ವಾರ ಮಸ್ಕತ್‌ನಲ್ಲಿ ಎಲ್ಲರಿಗೂ ನೆನಪಿನ ಕಾಣಿಕೆಯಾಗಿ ಕೊಟ್ಟದ್ದು ಅದೇ ಫೋಟೋ, ಕಟ್ಟು ಹಾಕಿಸಿ. ಅದರಲ್ಲಿ ಹತ್ತು ಮಂದಿ ಇದ್ದಾರೆ.

ಪ್ರವಾದಿ(ಸ)ಯವರು ಪ್ರಯಾಣದಲ್ಲಿ ಹಿಂದೆ ಉಳಿಯುತ್ತಿದ್ದರು, ಬಲ ಇಲ್ಲದವನ ಸವಾರಿಯನ್ನು ಮುಂದಕ್ಕೆ ನಡೆಸುತ್ತಿದ್ದರು, ಅವನನ್ನು ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವನಿಗಾಗಿ ದುಆ ಮಾಡುತ್ತಿದ್ದರು ಎಂದು ಜಾಬಿರ್(ರ) ಹೇಳಿದ ಹದೀಸ್ ಇದೆ. ಇದನ್ನು ನಾವು ಮದ್ರಸದ ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿಲ್ಲ! ಒಂದು ಫೋನಿಗೆ ಮರೆತೆವು.

ಆ ರಾತ್ರಿ ಇನ್ನೊಂದು ತಮಾಷೆ ಆಯಿತು. ಇಶಾ ಹೊತ್ತಿಗೆ ಒಬ್ಬ ಹುಡುಗ ಕೇಳಿದ, "ಉಸ್ತಾದ್, ಇನ್ನು ಪೂರ್ತಿ ನಾಲ್ಕು ರಕ್‌ಅತ್ ಅಲ್ವಾ?" ಎರಡೇ ದಿನ ಇದ್ದು ಮಸ್ಕತ್‌ಗೆ ಹೊರಡುವವರು ನಾವು. ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ಬರುವ, ಹೋಗುವ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ನಿಲ್ಲುವ ನಿಯ್ಯತ್ ಇಲ್ಲದಿದ್ದರೆ ಮುಸಾಫಿರನೇ, ಖಸ್ರ್ ಮಾಡಬಹುದು. ಅಂದರೆ ಬ್ಯಾನರ್‌ನಲ್ಲಿ ಸಮಾಪ್ತಿ, ಫಿಖ್‌ಹ್‌ನಲ್ಲಿ ಸಫರ್ ಇನ್ನೂ ಬಾಕಿ. ಎಲ್ಲರೂ ನಕ್ಕರು, ಕಾಕನೂ ನಕ್ಕರು.

ಯಾನ ಹೋಗುವುದೇ ಬೇಡ ಎನ್ನುವವರು ನಮ್ಮಲ್ಲಿದ್ದಾರೆ, ರಜೆ ಹಾಳು, ದುಡ್ಡು ಹಾಳು ಎಂದು. ನಾವು ಆ ಪಕ್ಷವಲ್ಲ. ಕ್ಯಾಂಪಿನ ಕೋಣೆಯಲ್ಲಿ ಮೊಬೈಲ್ ನೋಡಿ ಶುಕ್ರವಾರ ಕಳೆಯುವ ಹುಡುಗರು ಹತ್ತು ದಿನ ಒಂದೇ ತಟ್ಟೆಯಲ್ಲಿ ಉಂಡು ಬಂದರೆ ಒಳ್ಳೆಯದೇ. ವೇಗದವರು ದಿನವಿಡೀ ನಿಧಾನ ಹೋಗಬೇಕು ಎಂದೂ ಹೇಳುವುದಿಲ್ಲ, ಅದೂ ಕಷ್ಟವೇ. ನಡುವಿನ ದಿನಗಳಲ್ಲಿ ಮುಂದೆ ಹೋಗಲಿ, ಪಂಪ್‌ನಲ್ಲಿ ಕಾಯಲಿ. ಆದರೆ ಮುಟ್ಟುವ ದಿನದ ಲೆಕ್ಕ ಬೇರೆ. ಬೆಟ್ಟದ ನೆತ್ತಿಯಲ್ಲಿ ಎಲ್ಲರೂ ಸೇರಬೇಕು, ಬ್ರೇಕ್ ನೋಡಿಕೊಂಡು ಒಟ್ಟಿಗೆ ಇಳಿಯಬೇಕು. ಪಿಕಪ್ ಯಾವ ಕಾರಣಕ್ಕೂ ಕೊನೆಯ ಸೈಕಲನ್ನು ದಾಟಬಾರದು, ಒಳಗೆ ಉಸ್ತಾದ್ ಕೂತಿದ್ದರೂ ಸರಿ. ಸ್ವಾಗತಕ್ಕೆ ಬಂದವರು ಒಂದು ಗಂಟೆ ಕಾದರೆ ಏನೂ ಆಗುವುದಿಲ್ಲ ಮಾರಾಯ್ರೇ, ಎಳನೀರು ಕುಡಿಯಲಿ.

ಮೆಟ್ಟಿಲಲ್ಲಿ ನಿಂತ ನಾಲ್ವರಿಗೆ ಇಷ್ಟೆಲ್ಲ ಹೇಳಲಿಲ್ಲ. "ನಿಮ್ಮಲ್ಲಿ ತುಂಬಾ ನಿಧಾನ ಯಾರು?" ಎಂದು ಮಾತ್ರ ಕೇಳಿದೆವು. ಮೂವರೂ ಒಟ್ಟಿಗೆ ನಾಲ್ಕನೆಯವನ ಮುಖ ನೋಡಿದರು. ಹಾಗಾದರೆ ಬ್ಯಾನರ್ ಇವನ ಚೀಲದಲ್ಲಿರಲಿ ಎಂದೆವು.